ಹೀಟರ್ ತೆಗಿ ಅಂದಿದ್ದಕ್ಕೆ

ಚಳಿಗಾಲದ ಮೊದಲ ಕರೆಂಟ್ ಬಿಲ್ಲನ್ನು ನಮ್ಮವರು ಓದಲು ಶುರು ಮಾಡಿದ್ದು ನಿಂತುಕೊಂಡು, ಓದಿ ಮುಗಿಸಿದ್ದು ಕೂತುಕೊಂಡು. ಆಮೇಲೆ ಎದ್ದು ಹೋಗಿ ಮೀಟರಿನ ಮುಂದೆ ನಿಂತರು. ಮೀಟರಿಗೆ ಅವರ ಹೆದರಿಕೆ ಏನಿದೆ, ಅದು ತನ್ನ ಪಾಡಿಗೆ ತಾನು ಓಡುತ್ತಿತ್ತು. ನಮ್ಮವರು ಸಿಟಿ ಬಸ್ಸಿನ ಡ್ರೈವರು. ದಿನವಿಡೀ ಅಡ್ಡ ಬಂದವರಿಗೆಲ್ಲ ಹಾರ್ನ್ ಹೊಡೆದು ದಾರಿ ಬಿಡಿಸಿಕೊಂಡು ಅಭ್ಯಾಸ. ಮೀಟರಿಗೆ ಹಾರ್ನ್ ಹೊಡೆದು ಪ್ರಯೋಜನವಿಲ್ಲ ಅಂತ ನಮಗೆ ಹೊಡೆದರು.

ಅವತ್ತಿನಿಂದ ನಾನು ಅವರಿಗೆ ಸ್ವಿಚ್ಚಪ್ಪ ಅಂತ ಹೆಸರಿಟ್ಟೆ. ನಾನು ಅಡುಗೆಮನೆಯಿಂದ ನಡುಮನೆಗೆ ಬರುವಷ್ಟರಲ್ಲಿ ಅಡುಗೆಮನೆ ಕತ್ತಲು, ಮರೆತ ಲೋಟ ತರಲು ವಾಪಸ್ ಹೋಗುವಷ್ಟರಲ್ಲಿ ನಡುಮನೆ ಕತ್ತಲು. ಮಗಳು ಬಚ್ಚಲಲ್ಲಿ ತಲೆಗೆ ಶಾಂಪೂ ಹಚ್ಚಿಕೊಂಡು ನಿಂತಿದ್ದಾಗ ಹೊರಗಿನಿಂದ ದೀಪ ಆರಿಸಿದರು. ಅವಳು ಕಿರುಚಿದ್ದು ಪಕ್ಕದ ಮನೆಯವರಿಗೂ ಕೇಳಿಸಿತು. ಫ್ರಿಜ್ ಬಾಗಿಲು ಹಿಡಿದು ನಾನು ಏನು ತೆಗೆದುಕೊಳ್ಳಲು ಬಂದೆ ಅಂತ ಯೋಚಿಸುತ್ತ ನಿಂತರೆ ಹಿಂದಿನಿಂದ ದನಿ ಬರುತ್ತಿತ್ತು, "ಏನು, ಒಳಗೆ ಸಿನಿಮಾ ಓಡ್ತಿದೆಯಾ?"

ನಾನೇನು ಸುಮ್ಮನಿರುವವಳಲ್ಲ. ಸಲೂನಿನಲ್ಲಿ ಹೆಂಗಸರ ಕೂದಲು ಕತ್ತರಿಸುವ ಕೆಲಸ ನನ್ನದು. ಕೈಯಲ್ಲೊಂದು ಕತ್ತರಿ, ಬಾಯಲ್ಲೊಂದು ಕತ್ತರಿ ಅಂತ ಅತ್ತೆ ನನ್ನನ್ನು ಛೇಡಿಸುತ್ತಾರೆ. "ಹೌದು ರೀ, ಸಿನಿಮಾನೇ. ಟಿಕೆಟ್ ತಗೊಂಡು ಬನ್ನಿ," ಅಂತ ಹೇಳಿ ಬಾಗಿಲನ್ನು ಇನ್ನಷ್ಟು ಹೊತ್ತು ಬೇಕಂತಲೇ ಹಿಡಿದು ನಿಲ್ಲುತ್ತಿದ್ದೆ.

ಅತ್ತೆಯ ವಿಷಯಕ್ಕೆ ಮಾತ್ರ ಅವರು ಬಾಯಿ ಹಾಕಲಿಲ್ಲ. ಅತ್ತೆ ಇರುವುದು ಹಿಂದಿನ ರೂಮಿನಲ್ಲಿ. ಮನೆ ಕಟ್ಟಿದ ಮೇಲೆ ಯಾವಾಗಲೋ ಬಾಲದ ಹಾಗೆ ಸೇರಿಸಿದ ರೂಮು ಅದು, ಮೂರು ಕಡೆಯ ಗೋಡೆಗೂ ಹೊರಗಿನ ಗಾಳಿ ಬಡಿಯುತ್ತದೆ. ಅತ್ತೆಯೋ ಬೇಕರಿಯಲ್ಲಿ ಒಲೆಯ ಮುಂದೆ ಆಯುಸ್ಸು ಕಳೆದವರು. ಬ್ರೆಡ್ ತಟ್ಟೆಗಳನ್ನು ಒಳಗೆ ತಳ್ಳುತ್ತ ಹೊರಗೆ ಎಳೆಯುತ್ತ ಮಕ್ಕಳನ್ನು ಸಾಕಿದವರು. ಆ ಶಾಖ ಮೈಗೆ ರೂಢಿಯಾಗಿ ಈಗ ಎಷ್ಟು ಹೊದ್ದರೂ ಚಳಿ. ಹಾಗಾಗಿ ಅವರ ರೂಮಿನಲ್ಲಿ ಒಂದು ಹಳೆಯ ಹೀಟರ್ ಇತ್ತು, ಕೆಂಪು ಸರಳುಗಳದ್ದು, ಮುಂದೆ ಜಾಲರಿ.

ನಮ್ಮವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ದಿನಾ ಸಂಜೆ ಮೀಟರ್ ನೋಡಿ, ಆಮೇಲೆ ಅತ್ತೆಯ ಬಾಗಿಲ ಕಡೆ ಒಮ್ಮೆ ನೋಡುತ್ತಿದ್ದರು. ನಾನು ಅದನ್ನು ಕಂಡಿದ್ದೆ. ಅತ್ತೆ ಕಂಡಿರಲಿಕ್ಕಿಲ್ಲ ಅಂದುಕೊಂಡಿದ್ದೆ.

ನನಗೂ ಅತ್ತೆಗೂ ದಿನಕ್ಕೊಂದು ಜಗಳ ಆಗದಿದ್ದರೆ ಊಟ ಸೇರುವುದಿಲ್ಲ. ಉಪ್ಪು, ಬಟ್ಟೆ ಮಡಚುವ ರೀತಿ, ಮಗಳ ಜಡೆ, ಯಾವುದಾದರೂ ಆದೀತು. ನನ್ನ ಬಾಯಿಗೆ ಹೆದರದೆ ತಿರುಗಿ ಕೊಡುವವರು ಈ ಭೂಮಿಯ ಮೇಲೆ ಅವರೊಬ್ಬರೇ. ಸಲೂನಿನಲ್ಲಿ ನಿಂತು ನಿಂತು ಕಾಲು ಬಾತುಕೊಂಡು ಬಂದ ದಿನ, ಜಗಳ ಆಡುತ್ತಲೇ ಬೋಗುಣಿಯಲ್ಲಿ ಬಿಸಿನೀರು ತಂದು ನನ್ನ ಕಾಲ ಬುಡದಲ್ಲಿ ಇಡುತ್ತಾರೆ. ಹೊಸದಾಗಿ ಮದುವೆಯಾಗಿ ಬಂದಾಗ ಯಾರಾದರೂ ನನಗೆ, ನೀನು ಗಂಡನಿಗಿಂತ ಅತ್ತೆಯನ್ನೇ ಜಾಸ್ತಿ ಹಚ್ಚಿಕೊಳ್ಳುತ್ತೀಯ ಅಂದಿದ್ದರೆ ನಕ್ಕುಬಿಡುತ್ತಿದ್ದೆ.

ಆಗಿನದೊಂದು ಕಥೆ ಇದೆ. ನನ್ನ ತವರಿನಲ್ಲಿ ದೀಪ ಆರಿಸುವುದಕ್ಕೆ 'ಲೈಟ್ ತೆಗಿ' ಅನ್ನುತ್ತಿದ್ದೆವು. ಹಾಕುವುದು ಅಂದರೆ ಹೊತ್ತಿಸುವುದು, ತೆಗೆಯುವುದು ಅಂದರೆ ಆರಿಸುವುದು. ಈ ಮನೆಯವರು 'ಆರ್ಸು' ಅನ್ನುತ್ತಾರೆ, ಇಲ್ಲವೇ 'ಆಫ್ ಮಾಡು'. ಇವರ ಬಾಯಲ್ಲಿ ತೆಗೆಯುವುದು ಅಂದರೆ ಇದ್ದದ್ದನ್ನು ಬಿಚ್ಚಿ ಆಚೆಗಿಡುವುದು. ಬಂದ ಹೊಸತರಲ್ಲಿ ನಾನು, "ಅತ್ತೆ, ಲೈಟ್ ತೆಗೀಲಾ?" ಅಂದೆ. ಅತ್ತೆ ಬಲ್ಬನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಯಾಕಮ್ಮ, ಚೆನ್ನಾಗೇ ಉರೀತಿದೆಯಲ್ಲ, ಇರ್ಲಿ ಬಿಡು. ನಿಂಗ್ಯಾಕೆ ಕುರ್ಚಿ ಹತ್ತೋ ಕೆಲಸ," ಅಂದರು. ಗಂಡ ಹೊಟ್ಟೆ ಹಿಡಿದು ನಕ್ಕರು. ಆಮೇಲಾಮೇಲೆ ಅತ್ತೆಗೆ ನನ್ನ ಮಾತು ಅರ್ಥವಾಗತೊಡಗಿತು, ನಕ್ಕಿದ್ದ ಗಂಡನಿಗೇ ಆ ಮಾತು ಅಂಟಿಕೊಂಡಿತು. ನನ್ನ ಹತ್ತಿರ ಅವರು 'ತೆಗಿ' ಅನ್ನುತ್ತಾರೆ, ಅಮ್ಮನ ಹತ್ತಿರ 'ಆರ್ಸು' ಅನ್ನುತ್ತಾರೆ. ಹಾಗೆ ಎರಡು ಬಾಯಿ ಇಟ್ಟುಕೊಂಡಿರುವುದು ಅವರಿಗೇ ಗೊತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಬಸ್ ಡಿಪೋದಲ್ಲಿ ಯಾರೋ ಒಬ್ಬ ಡ್ರೈವರು ತನ್ನ ಮನೆಯ ಸುದ್ದಿ ಹೇಳಿದನಂತೆ. ಹಳೆಯ ಸರಳಿನ ಹೀಟರ್, ವೈರು ಸುಟ್ಟು ಪರದೆಗೆ ಬೆಂಕಿ ಹತ್ತಿ, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲವಂತೆ. ಅದನ್ನು ಕೇಳಿ ನಮ್ಮವರಿಗೆ ಮನೆಯ ನೆನಪಾಗಿದೆ. ಅಮ್ಮ ಒಬ್ಬಳೇ ಮನೆಯಲ್ಲಿ, ಅದೇ ನಮೂನೆಯ ಹೀಟರ್. ಕೂಡಲೇ ಮನೆಗೆ ಫೋನ್ ಹಚ್ಚಿದ್ದಾರೆ. ಅತ್ತ ಬಸ್ ಹೊರಡುವ ಹೊತ್ತು, ಕಂಡಕ್ಟರ್ ಸೀಟಿ ಊದುತ್ತಿದ್ದಾನೆ. ಗಾಬರಿಯಲ್ಲಿ ಕೂಗಿದ್ದಾರೆ, "ಅಮ್ಮಾ, ಆ ಹೀಟರ್ ತೆಗಿ ಮೊದ್ಲು! ಈಗ್ಲೇ ತೆಗಿ! ಆಮೇಲೆ ಮಾತಾಡ್ತೀನಿ."

ಅಷ್ಟಕ್ಕೇ ಫೋನ್ ಇಟ್ಟು ಬಸ್ ಹತ್ತಿದ್ದಾರೆ.

ಸಂಜೆ ನಾನು ಸಲೂನಿನಿಂದ ಬಂದಾಗ ಅತ್ತೆ ನಡುಮನೆಯಲ್ಲಿ ಮೈಮೇಲೆ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ಹಳೆಯ ಸೂಟ್‌ಕೇಸು.

"ಇದೇನು ಅತ್ತೆ, ಯಾವ ಊರಿಗೆ ಸವಾರಿ?" ಅಂದೆ, ತಮಾಷೆಗೆ.

"ಮಗಳ ಮನೆಗೆ. ಎಷ್ಟು ವರ್ಷದಿಂದ ಬಾ ಬಾ ಅಂತಿದಾಳೆ. ಶನಿವಾರ ಮಧ್ಯಾಹ್ನ ಬಂದು ಕರ್ಕೊಂಡು ಹೋಗ್ತಾಳಂತೆ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಾದಿನಿಯ ಅಪಾರ್ಟ್‌ಮೆಂಟು ಪಕ್ಕದ ಊರಿನಲ್ಲಿ. ಕಟ್ಟಡವನ್ನೆಲ್ಲ ಬೆಚ್ಚಗಿಡಲು ಒಂದೇ ಬಾಯ್ಲರು, ಚಳಿಗಾಲದಲ್ಲೂ ತೆಳು ಬಟ್ಟೆಯಲ್ಲಿ ಓಡಾಡುತ್ತಾರೆ. ಅವಳು ಕರೆದಾಗಲೆಲ್ಲ ಅತ್ತೆ, "ಅಲ್ಲಿ ಜಗಳಕ್ಕೆ ಯಾರಿದಾರೆ?" ಅಂತ ನನ್ನ ಕಡೆ ನೋಡಿ ನಗುತ್ತಿದ್ದರು. ಅವರು ಹೋಗುತ್ತಾರೆ ಅನ್ನುವುದು ನನ್ನ ತಲೆಗೇ ಹೊಕ್ಕಿರಲಿಲ್ಲ. ಹಿಂದಿನ ರೂಮಿಗೆ ಹೋಗಿ ನೋಡಿದೆ. ಹೀಟರ್ ಇದ್ದ ಜಾಗದಲ್ಲಿ ನೆಲದ ಮೇಲೆ ಚೌಕಾಕಾರದ ಧೂಳಿನ ಗುರುತು.

"ಹೀಟರ್ ಎಲ್ಲಿ?"

"ಗುಜರಿಯವನ ಗಾಡಿ ಬಂದಿತ್ತು. ಕೊಟ್ಟೆ. ನಿನ್ನ ಗಂಡ ಫೋನ್ ಮಾಡಿ ತೆಗಿ ಅಂದ, ತೆಗ್ದೆ."

ಅಷ್ಟರಲ್ಲಿ ನಮ್ಮವರು ಓಡೋಡಿ ಬಂದರು. "ಅಮ್ಮಾ, ತೆಗ್ದೆ ತಾನೆ? ಸದ್ಯ!" ಅಂತ ಉಸಿರು ಬಿಟ್ಟವರು ಸೂಟ್‌ಕೇಸು ಕಂಡು ಅಲ್ಲೇ ನಿಂತರು. ಡಿಪೋದ ಬೆಂಕಿ ಕಥೆ ಹೊರಗೆ ಬಂತು. ಆರಿಸು ಅನ್ನುವುದಕ್ಕೆ ತೆಗಿ ಅಂದೆ ಅಂತ ಅವರು ಅಂದಾಗ, ನನಗೆ ನಗು ಬಂತು, ನಗುತ್ತಲೇ ಅಳುವೂ ಬಂತು. ನನ್ನ ತವರಿನ ಮಾತು ಗಂಡನ ಬಾಯಿ ಹೊಕ್ಕು ಅತ್ತೆಯನ್ನು ಮನೆಯಿಂದ ಹೊರಡಿಸಿತ್ತು.

"ನಾನು ಇವಳ ಹತ್ರ ಮಾತಾಡಿ ಮಾತಾಡಿ... ಅಮ್ಮಾ, ಇವಳು ತೆಗಿ ಅಂದ್ರೆ ನಿಂಗೆ ಅರ್ಥ ಆಗುತ್ತಲ್ಲ!"

ಅತ್ತೆ ಮಗನನ್ನೇ ನೋಡಿದರು. "ಅವಳ ಬಾಯಲ್ಲಿ ಬಂದಿದ್ರೆ ಆರ್ಸೋದು ಅಂತಾನೇ ತಿಳ್ಕೋತಿದ್ದೆ ಕಣೋ. ಅಂದಿದ್ದು ನೀನು. ನನ್ನ ಮಗ, ನನ್ನ ಮಾತು ಆಡ್ತಾನೆ ಅಂದ್ಕೊಂಡೆ."

ನಮ್ಮವರು ನಾಲಿಗೆ ಕಚ್ಚಿಕೊಂಡರು. ತಪ್ಪು ತಿಳಿಯಾಯಿತಲ್ಲ, ಇನ್ನು ಸೂಟ್‌ಕೇಸು ಒಳಗೆ ಹೋಗುತ್ತದೆ ಅಂತ ನಾನು ಅದರ ಹಿಡಿಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಮೇಲೆ ಮೆಲ್ಲಗೆ ಹೊಡೆದರು.

"ಅಲ್ಲೇ ಇರ್ಲಿ. ಮಾತು ತಪ್ಪಾಗಿ ಕೇಳ್ಸಿತು, ಒಪ್ಪಿದೆ. ಆದ್ರೆ ದಿನಾ ಮೀಟರ್ ನೋಡಿ, ಆಮೇಲೆ ನನ್ನ ಬಾಗಿಲು ನೋಡ್ತಾನಲ್ಲ, ಅದನ್ನ ತಪ್ಪಾಗಿ ನೋಡಿಲ್ಲ ನಾನು. ನಂಗೇನು ಕಣ್ಣು ಮಂಜಾಗಿಲ್ಲ. ನಾನು ಹೋದ್ರೆ ಒಂದು ರೂಮಿನ ಖರ್ಚು ಉಳಿಯುತ್ತೆ. ಇದರಲ್ಲಿ ಕೋಪ ಮಾಡ್ಕೊಳ್ಳೋದು ಏನೂ ಇಲ್ಲ."

ನಮ್ಮವರು ತಲೆ ತಗ್ಗಿಸಿದರು. ನೋಡುತ್ತಿದ್ದದ್ದು ಸುಳ್ಳಲ್ಲವಲ್ಲ. ಬಸ್ಸಿನಲ್ಲಿ ನೂರು ಜನರನ್ನು ಗದರಿಸುವ ಮನುಷ್ಯ ಅಮ್ಮನ ಮುಂದೆ ಹಾಗೆ ನಿಂತದ್ದು ಕಂಡು ನನಗೆ ಮೈಯೆಲ್ಲ ಉರಿಯಿತು, ಅದರ ಜೊತೆಗೇ ಪಾಪ ಅನ್ನಿಸಿತು.

ಮಾರನೆಯ ದಿನ ಅವರು ಹೆಗಲ ಮೇಲೆ ಒಂದು ದೊಡ್ಡ ಡಬ್ಬ ಹೊತ್ತು ತಂದರು. ಹೊಸ ಹೀಟರ್, ಎಣ್ಣೆ ತುಂಬಿದ್ದು, ಬಿದ್ದರೆ ತಾನೇ ಆರುವಂಥದ್ದು. ಮಾತಿನಲ್ಲಿ ಹೇಳಲಾಗದ್ದನ್ನು ಅಂಗಡಿಯಿಂದ ಹೊತ್ತು ತರುವುದು ಈ ಗಂಡಸರ ಚಾಳಿ. ಅತ್ತೆ ಡಬ್ಬದ ಸುತ್ತ ಒಂದು ಸುತ್ತು ಬಂದು, ಮೇಲಿನ ಚಿತ್ರ ನೋಡಿ, "ಚೆನ್ನಾಗಿದೆ. ವಾಪಸ್ ತಗೋತಾರಾ ಕೇಳು," ಅಂದರು. ಟೇಪು ಕೂಡ ಬಿಚ್ಚಲು ಬಿಡಲಿಲ್ಲ. ರಾತ್ರಿ ನಡುಮನೆಯಲ್ಲಿ ಮಲಗಿ ಅಂದರೂ ಕೇಳದೆ ತಮ್ಮ ರೂಮಿಗೇ ಹೋದರು. ನಾನು ನನ್ನ ರಜಾಯಿಯನ್ನೂ ಕೊಂಡುಹೋಗಿ ಅವರ ಮೇಲೆ ಹಾಕಿ, "ಹಟಮಾರಿ," ಅಂದೆ. "ಬಾಯಿಬಡಕಿ," ಅಂದರು. ಅದು ಜಗಳವಾಗಲಿಲ್ಲ.

ಶನಿವಾರ ಬೆಳಿಗ್ಗೆ ಕರೆಗಂಟೆ ಹೊಡೆದುಕೊಂಡಿತು. ನಾದಿನಿ ಇಷ್ಟು ಬೇಗ ಬಂದಳೇ ಅಂದುಕೊಂಡು ಓಡಿದೆ. ಬಾಗಿಲು ತೆಗೆದರೆ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹೆಂಗಸು. ವಿದ್ಯುತ್ ಉಳಿತಾಯದ ಕಚೇರಿಯಿಂದ ಮನೆ ತಪಾಸಣೆಗೆ ಬಂದವಳು. ಬಿಲ್ಲಿನ ಸಿಟ್ಟಿನಲ್ಲಿ ಸ್ವಿಚ್ಚಪ್ಪನವರೇ ಫೋನ್ ಮಾಡಿ ಹೆಸರು ಬರೆಸಿದ್ದರಂತೆ. ಆಮೇಲೆ ಅವರೇ ಮರೆತಿದ್ದರು.

"ಇವತ್ತು ಬೇಡಮ್ಮ, ಮನೇಲಿ ಸ್ವಲ್ಪ..." ಅಂದರು ನಮ್ಮವರು.

"ಬರ್ಲಿ ಬಿಡೋ," ಅಂದರು ಒಳಗಿನಿಂದ ಅತ್ತೆ. "ಅಷ್ಟು ದೂರದಿಂದ ಚಳೀಲಿ ಬಂದಿದಾಳೆ. ನಾನು ಹೋಗೋದ್ರೊಳಗೆ ನಂಗೂ ಗೊತ್ತಾಗ್ಲಿ, ಎಲ್ಲಿ ಹೋಗ್ತಿದೆ ಇಷ್ಟು ಕರೆಂಟು ಅಂತ."

ತಪಾಸಣೆಯವಳು ಚುರುಕಾಗಿದ್ದಳು. ಎಲ್ಲ ಬಾಗಿಲು ಕಿಟಕಿ ಹಾಕಿಸಿದಳು. ಚೀಲದಿಂದ ತೆಳ್ಳನೆಯ ಹೊಗೆ ಬಿಡುವ ಒಂದು ಕಡ್ಡಿ ತೆಗೆದು ಕಿಟಕಿಯ ಅಂಚಿಗೆ ಹಿಡಿದಳು. ನೆಟ್ಟಗೆ ಏಳಬೇಕಾದ ಹೊಗೆ ಅಡ್ಡಡ್ಡ ಓಡಿತು. "ನೋಡಿ, ಇಲ್ಲಿಂದ ಗಾಳಿ ನುಗ್ತಿದೆ," ಅಂದಳು. ಬಿಸಿನೀರಿನ ಟ್ಯಾಂಕ್ ಇರುವ ಕಪಾಟು ತೆರೆದು ಕೈಯಿಟ್ಟು, "ಇದಕ್ಕೆ ಹೊದಿಕೆನೇ ಇಲ್ವಲ್ಲ. ಹಗಲೂ ರಾತ್ರಿ ಈ ಕಪಾಟನ್ನ ಬಿಸಿ ಮಾಡ್ತಿದೀರ," ಅಂದಳು. ಫ್ರಿಜ್ಜಿನ ಬಾಗಿಲಿನ ರಬ್ಬರಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಎಳೆದಳು, ಕಾಗದ ಸಲೀಸಾಗಿ ಕೈಗೆ ಬಂತು, ರಬ್ಬರು ಅಷ್ಟು ಸಡಿಲ. ನಮ್ಮವರು ಅವಳ ಹಿಂದೆಯೇ ಓಡಾಡುತ್ತ, ಅಭ್ಯಾಸಬಲದಿಂದ ಅವಳು ಬಿಟ್ಟ ರೂಮಿನ ದೀಪ ಆರಿಸುತ್ತಿದ್ದರು.

"ದೀಪ ಆರ್ಸೋದು ಒಳ್ಳೇದೇ ಸರ್," ಅಂದಳು ಅವಳು, "ಆದ್ರೆ ಇದರಲ್ಲಿ ಉಳಿಯೋದು ಚೂರುಪಾರು. ನಿಮ್ಮ ದುಡ್ಡು ಹೋಗ್ತಿರೋದು ಸಂದಿಗಳಿಂದ."

ನಾನು ಅವರ ಕಡೆ ನೋಡಿ ಹುಬ್ಬು ಹಾರಿಸಿದೆ. ಬೇರೆ ದಿನವಾಗಿದ್ದರೆ ಅದೊಂದನ್ನೇ ಹಿಡಿದು ವಾರವಿಡೀ ಆಡಿಕೊಂಡು ನಗುತ್ತಿದ್ದೆ.

ಕೊನೆಗೆ ಹಿಂದಿನ ರೂಮು. ಅತ್ತೆ ಮಂಚದ ಅಂಚಿನಲ್ಲಿ ಹೊರಡಲು ಸಿದ್ಧವಾಗಿ, ಕೋಟು ಹಾಕಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ತಪಾಸಣೆಯವಳು ಚೀಲದಿಂದ ಒಂದು ಕ್ಯಾಮೆರಾ ತೆಗೆದಳು. ಅದು ಮುಖ ಮೂತಿ ತೋರಿಸುವ ಕ್ಯಾಮೆರಾ ಅಲ್ಲ, ಶಾಖ ತೋರಿಸುವಂಥದ್ದು. ಬಿಸಿ ಇದ್ದಲ್ಲಿ ಹಳದಿ, ಕೆಂಪು, ತಣ್ಣಗಿದ್ದಲ್ಲಿ ನೀಲಿ. ಮೊದಲು ನನ್ನ ಕಡೆ ಹಿಡಿದು ತೋರಿಸಿದಳು, ನಾನು ಬೆಂಕಿಯ ಉಂಡೆಯ ಹಾಗಿದ್ದೆ. "ಗೊತ್ತಿರೋ ವಿಷಯ," ಅಂದರು ಅತ್ತೆ. ಎಲ್ಲರೂ ನಕ್ಕೆವು.

ಆಮೇಲೆ ಚಾವಣಿಯ ಕಡೆ ಹಿಡಿದಳು. ನೀಲಿ. ಗೋಡೆ, ಕಿಟಕಿ, ನೆಲದ ಮೂಲೆಗಳು, ಎಲ್ಲ ನೀಲಿ. "ಈ ರೂಮಿನ ಚಾವಣಿ ಮೇಲೆ ಬಿಸಿ ಹಿಡಿದಿಡೋ ಹಾಸು ಏನೂ ಇಲ್ಲ. ಒಳಗೆ ಎಷ್ಟು ಬಿಸಿ ಮಾಡಿದ್ರೂ ನಿಲ್ಲೋದಿಲ್ಲ. ಅಜ್ಜಿ, ಹೀಟರ್ ದಿನಕ್ಕೆ ಎಷ್ಟು ಹೊತ್ತು ಹಾಕ್ತಿದ್ರಿ?"

ಅತ್ತೆ ನೆಲದ ಮೇಲಿನ ಧೂಳಿನ ಗುರುತಿನ ಕಡೆ ನೋಡಿದರು. ಆಮೇಲೆ, "ಮೊದ್ಲು ಹಾಕ್ತಿದ್ದೆ. ಈ ಸಲದ ಬಿಲ್ ಬಂದ ಮೇಲೆ ಹಾಕೇ ಇಲ್ಲಮ್ಮ," ಅಂದರು.

"ಹಾಕೇ ಇಲ್ವಾ?" ಅಂದರು ನಮ್ಮವರು.

"ಎದುರಿಗಿತ್ತಲ್ಲ. ತೀರಾ ತಡೆಯೋಕೆ ಆಗ್ದಿದ್ರೆ ಹಾಕ್ಕೋಬಹುದು ಅನ್ನೋ ಧೈರ್ಯಕ್ಕೆ ಇಟ್ಕೊಂಡಿದ್ದೆ."

ತಪಾಸಣೆಯವಳು ಏನು ಮಾಡಬೇಕೆಂದು ತೋಚದೆ ಕ್ಯಾಮೆರಾವನ್ನು ಸುಮ್ಮನೆ ಕೆಳಗಿಳಿಸಿದಳು. ಹಾಗೆ ಇಳಿಸುವಾಗ ಅದು ಅತ್ತೆಯ ಕಡೆ ತಿರುಗಿತು. ನಮ್ಮವರು ಅವಳ ಹೆಗಲ ಹಿಂದೆಯೇ ನಿಂತಿದ್ದರು, ಪರದೆ ಅವರಿಗೆ ಕಾಣುತ್ತಿತ್ತು. ನನಗೂ ಕಂಡಿತು. ಅತ್ತೆಯ ಕೆನ್ನೆ, ಹಣೆ ಹಳದಿಯಾಗಿದ್ದವು. ಮೂಗಿನ ತುದಿ ನೀಲಿ. ಮಡಿಲಲ್ಲಿದ್ದ ಎರಡೂ ಕೈಗಳು ಕಾಣಿಸಲೇ ಇಲ್ಲ. ಕೋಟಿನ ತೋಳು ಮುಗಿದ ಮೇಲೆ ಗೋಡೆಯ ಬಣ್ಣವೇ ಇತ್ತು.

"ಕೈ ಎಲ್ಲಿ?" ಅಂದರು ನಮ್ಮವರು, ಮಕ್ಕಳು ಕೇಳುವ ಹಾಗೆ. "ಅಮ್ಮನ ಕೈ ಎಲ್ಲಿ?"

"ಅಲ್ಲೇ ಇದೆ ಸರ್," ಅಂದಳು ತಪಾಸಣೆಯವಳು ಮೆಲ್ಲಗೆ. "ತಣ್ಣಗಾಗಿದೆ. ಅದಕ್ಕೆ ಹಾಗೆ ಕಾಣ್ತಿದೆ."

ಒಲೆಯ ಮುಂದೆ ನಿಂತು ಬಿಸಿ ತಟ್ಟೆ ಎಳೆದು ಎಳೆದು, ಬೆರಳ ತುದಿಗಳಿಗೆ ಸುಟ್ಟದ್ದು ತಿಳಿಯದಷ್ಟು ಗಟ್ಟಿಯಾದ ಕೈಗಳು ಅವು. ನಮ್ಮವರು ಮಂಚದ ಮುಂದೆ ನೆಲದ ಮೇಲೆ ಕುಸಿದು ಕೂತರು. ಆ ಎರಡೂ ಕೈಗಳನ್ನು ತಮ್ಮ ಕೈಗಳಲ್ಲಿ ಹಿಡಿದು ತಿಕ್ಕತೊಡಗಿದರು. ತಿಕ್ಕುತ್ತ ತಿಕ್ಕುತ್ತ ಅತ್ತುಬಿಟ್ಟರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಾನು ನಿನ್ನ ಬಾಗಿಲು ನೋಡ್ತಿದ್ದೆ ಅಮ್ಮಾ. ನೋಡ್ತಿದ್ದೆ, ನಿಜ. ಬಾಗಿಲು ತಳ್ಳಿ ಒಳಗೆ ಬರ್ಲಿಲ್ಲ. ಒಂದ್ಸಲ ಬಂದಿದ್ರೆ ಗೊತ್ತಾಗ್ತಿತ್ತು. ಹೋಗ್ಬೇಡ ಅಮ್ಮಾ. ಬಿಲ್ ಎಷ್ಟಾದ್ರೂ ಬರ್ಲಿ."

"ಬಿಲ್ ಜಾಸ್ತಿ ಏನೂ ಬರಲ್ಲ ಸರ್," ಅಂದಳು ತಪಾಸಣೆಯವಳು, ಮೂಗು ಒರೆಸಿಕೊಳ್ಳುತ್ತ. "ಚಾವಣಿ ಮೇಲೆ ದಪ್ಪಗೆ ಹಾಸ್ಬಿಟ್ಟು, ಸಂದಿ ಮುಚ್ಚಿ, ಟ್ಯಾಂಕಿಗೆ ಹೊದಿಸಿದ್ರೆ ಬಿಲ್ಲೂ ಇಳಿಯುತ್ತೆ, ಅಜ್ಜಿ ರೂಮೂ ಬೆಚ್ಚಗಾಗುತ್ತೆ. ಇದು ಬೇಕಾ ಅದು ಬೇಕಾ ಅನ್ನೋ ಪ್ರಶ್ನೆನೇ ಇಲ್ಲ."

"ಕೆಲಸ ಮುಗಿಯೋವರೆಗೂ ಅತ್ತೆ ಮಂಚ ನಡುಮನೇಲಿ," ಅಂದೆ ನಾನು. "ಇದರಲ್ಲಿ ಯಾರ ಮಾತೂ ಕೇಳೋಳಲ್ಲ ನಾನು."

"ಯಾವತ್ತು ಕೇಳಿದ್ದೆ?" ಅಂದರು ಅತ್ತೆ. ಅವರ ಕಣ್ಣೂ ತುಂಬಿತ್ತು, ಆದರೆ ದನಿಗೆ ಹಳೆಯ ಖಾರ ವಾಪಸು ಬಂದಿತ್ತು. ನನಗೆ ಅಷ್ಟು ಸಾಕಾಗಿತ್ತು.

ಆಗ ಅತ್ತೆಯ ಕೋಟಿನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ನಾದಿನಿ. ಅತ್ತೆ ಕೈ ಬಿಡಿಸಿಕೊಳ್ಳಲು ನೋಡಿದರು, ಮಗ ಬಿಡಲಿಲ್ಲ. ನಾನೇ ಫೋನ್ ತೆಗೆದು ಅವರ ಕಿವಿಗೆ ಹಿಡಿದೆ. ತಾನು ಈಗ ಹೊರಡುತ್ತಿದ್ದೇನೆ, ಸಾಮಾನೆಲ್ಲ ಕಟ್ಟಿಕೊಂಡಾಯಿತೇ ಅಂತ ಆ ಕಡೆಯಿಂದ ಕೇಳುತ್ತಿದ್ದಳು.

ಅತ್ತೆ ನೆಲದ ಮೇಲೆ ಕೂತ ಮಗನ ನೆತ್ತಿ ನೋಡುತ್ತ ಹೇಳಿದರು, "ಇಲ್ಲ ಕಣೇ, ಬರೋಕಾಗಲ್ಲ. ನಿನ್ನಣ್ಣ ನನ್ನ ಎರಡು ಕೈನೂ ಹಿಡ್ಕೊಂಡು ಕೂತಿದಾನೆ. ಬಿಡ್ತಾನೇ ಇಲ್ಲ."